ಊರಿನವರ ಬಾಯಿಂದ ಊರಿನ ಕಥೆ
(ಸಾಕ್ಷ್ಯಚಿತ್ರ ತಯಾರಿಸಲಿರುವ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಅರಸೀಕೆರೆ, ಬೇಲೂರು, ಹಳೇಬೀಡುಗಳ ನಿವಾಸಿಗಳನ್ನು ಸಂದರ್ಶಿಸಿ ಸಾಕ್ಷ್ಯಚಿತ್ರವೊಂದನ್ನು ತಯಾರಿಸಲು ನೀವು ಹೊರಟಿರುವುದು ನಮಗೆ ಅತೀವ ಸಂತೋಷವನ್ನುಂಟುಮಾಡಿದೆ. ಈ ಸೀಮೆಗೆ ಬಂದ ಕ್ಯಾಮರಾಗಳು ಬಹುಮಟ್ಟಿಗೆ ಕಲ್ಲಿನತ್ತಲೇ ಮುಖಮಾಡಿವೆ. 2023ರಲ್ಲಿ ಹೊಯ್ಸಳ ದೇಗುಲಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಕೇಳುವುದೇ ಬೇಡ.

1117ರ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿ ಹೋಗಿದ್ದಾರೆ. ಕಲ್ಲು ಹೊತ್ತವರ, ಅವರಿಗೆ ಅಂಬಲಿ ಕಾಯಿಸಿದವರ ಹೆಸರು ನಮಗೆ ಕಾಣಸಿಗದು. ಆದುದರಿಂದ ನಿಮ್ಮೊಡನೆ ಮಾತನಾಡಿದವರ ಹೆಸರನ್ನೂ ಊರನ್ನೂ, ಅವರು ಒಪ್ಪಿದಲ್ಲಿ, ಚಿತ್ರದಲ್ಲಿ ತಪ್ಪದೆ ಕಾಣಿಸಿರಿ.

"ನಿಮ್ಮ ಸಮುದಾಯ ಹೇಗಿದೆ?" ಎಂದು ಕೇಳಿದರೆ, "ಎಲ್ಲರೂ ಅಣ್ಣತಮ್ಮಂದಿರಂತೆ ಇದ್ದೇವೆ" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಅತಿಥಿಗಳಿಗೆಂದು ಇರಿಸಿದ ಉತ್ತರ. "ಕುಡಿಯುವ ನೀರನ್ನು ಯಾವ ಬಾವಿಯಿಂದ ತರುತ್ತಿದ್ದಿರಿ? ಆ ಬಾವಿಗೆ ಯಾರು ಬರುವಂತಿರಲಿಲ್ಲ?" ಎಂದು ಕೇಳಿ ನೋಡಿರಿ, ಅಜ್ಜಿಯೊಬ್ಬರು ಸೆರಗು ಸರಿಪಡಿಸಿಕೊಂಡು ಬೇರೆಯೇ ಕಥೆಯನ್ನು ಆರಂಭಿಸುತ್ತಾರೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಮೀಟರ್ ಗೇಜ್ ಕಾಲದಲ್ಲಿ ದುಡಿದ ನೌಕರರನ್ನೂ, ಕೊಬ್ಬರಿ ಮಂಡಿಯ ಹಮಾಲರನ್ನೂ ಮರೆಯದಿರಿ. 'ದೊಡ್ಡಸ್ವಾಮಿ' ಎನಿಸಿದ್ದ ಅಬ್ಬೆ ದ್ಯುಬ್ವಾ ಅವರು ಮೈಸೂರು ಸೀಮೆಯಲ್ಲಿ ಎರಡು ದಶಕಗಳಿಗೂ ಮಿಕ್ಕಿ ಜನರ ನಡುವೆ ಬಾಳಿ ಅವರ ಆಚಾರಗಳನ್ನು ಬರೆದಿಟ್ಟರು. ನಿಮಗಿರುವುದು ಎರಡು ವಾರ! ಆದರೂ ಮೊದಲ ದಿನ ಕ್ಯಾಮರಾವನ್ನು ಚೀಲದಲ್ಲಿಯೇ ಬಿಡಿರಿ.

ಎಚ್ಚರಿಕೆಯ ಮಾತೊಂದುಂಟು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ಸಹ ನಿಯಂತ್ರಿತ ವಲಯವೆಂದು 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಹಳೇಬೀಡಿನಲ್ಲಿ ಗುಡಿಯ ನೆರೆಯಲ್ಲಿ ವಾಸಿಸುವವರು ಸೋರುವ ಮಾಳಿಗೆಯ ಬಗ್ಗೆ ನಿಮ್ಮೆದುರು ನಿಟ್ಟುಸಿರಿಟ್ಟಾರು, ಅನುಮತಿಯಿಲ್ಲದೆ ಹಾಕಿಸಿದ ತಗಡನ್ನೂ ತೋರಿಸಿಯಾರು. ಆ ತಗಡು ಚಿತ್ರದಲ್ಲಿ ಬಂದರೆ ನೋಟೀಸು ಬರುವುದು ಅವರ ಮನೆಗೇ ಹೊರತು ನಿಮ್ಮ ಕಾಲೇಜಿಗಲ್ಲ.

ಇನ್ನು, ನಮ್ಮ ಶೆಟ್ಟಿಹಳ್ಳಿಯ ದೇವಾಲಯ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಅದು ಮಳೆಗಾಲದಲ್ಲಿ ನೀರಿನೊಳಗೆ ನಿಂತು, ಬೇಸಿಗೆಯಲ್ಲಿ ಹೊರಬರುತ್ತದೆ. ಆ ಪಾಳುಗೋಡೆಗಳ ಚಿತ್ರ ತೆಗೆಯದ ಪ್ರವಾಸಿಗನಿಲ್ಲ. ಆದರೆ ಅಲ್ಲಿ ಮದುವೆಯಾದವರು, ಅಲ್ಲಿ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದವರು ಚದುರಿ ಹೋಗಿದ್ದಾರೆ. ಮರಣದ ದಫ್ತರವನ್ನು ಬರೆಯುವ ನಮಗೆ ಅವರು ಎಷ್ಟು ಬೇಗ ಕಡಿಮೆಯಾಗುತ್ತಿದ್ದಾರೆಂಬುದು ಗೊತ್ತು. ಗೋಡೆಯನ್ನು ಮುಂದಿನ ಬೇಸಿಗೆಯಲ್ಲಿಯೂ ಚಿತ್ರಿಸಬಹುದು. ಮೊದಲು ಆ ವೃದ್ಧರ ಬಳಿಗೆ ಹೋಗಿರಿ.

ಚಿತ್ರ ಸಿದ್ಧವಾದ ಬಳಿಕ ಸ್ಪರ್ಧೆಗೆ ಕಳುಹಿಸುವ ಮುನ್ನ, ಮಾತನಾಡಿದವರಿಗೆ ತೋರಿಸಿರಿ. ಯಾರಾದರೂ "ಈ ಮಾತು ಬೇಡಪ್ಪ" ಎಂದರೆ ತೆಗೆದುಹಾಕಿರಿ. ನಮ್ಮ ಸಭಾಂಗಣವು ಭಾನುವಾರದ ಸಂಜೆ ಬಿಡುವಾಗಿರುತ್ತದೆ. ಬೆಂಚುಗಳಿವೆ, ಬಿಳಿಯ ಪರದೆಯೂ ಇದೆ. ವೃದ್ಧರಿಗೆ ಮುಂದಿನ ಮೆಟ್ಟಿಲುಗಳನ್ನು ಹತ್ತುವುದು ಕಷ್ಟವಾದುದರಿಂದ ಪಕ್ಕದ ಬಾಗಿಲನ್ನು ತೆರೆಸಿಡುತ್ತೇವೆ.