ಭರಣಿಯೊಳಗಿನ ಮಳೆಗಾಲ

ಮಕ್ಕಳೇ, ಬಿಡಿಸಿದ ಹಲಸಿನ ಸೊಳೆಯನ್ನು ಹಾಗೆಯೇ ಪಾತ್ರೆಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಕೊಳೆತು ನಾರುತ್ತದೆ. ಅದೇ ಸೊಳೆಗೆ ಉಪ್ಪು ಬೆರೆಸಿ ಭರಣಿಗೆ ತುಂಬಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಉಪ್ಪು ಒಳಗೆ ಮಾಡುವ ಕೆಲಸವಾದರೂ ಏನು?

ಅದಕ್ಕೆ ಮೊದಲು, ಈ ಭರಣಿ ಯಾಕೆ ಬೇಕಾಯಿತು ಎಂದು ನೋಡೋಣ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಬಿದ್ದ ನೀರು ಹರಿದುಹೋಗದೆ ನಿಂತರೆ ಮನೆಯ ಬಾಗಿಲೇ ಮುಳುಗೀತು! ಆ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. 1974ರ ಜುಲೈನಲ್ಲಿ ನೇತ್ರಾವತಿ ನದಿ ಉಕ್ಕಿ ಬಂಟ್ವಾಳ ಪೇಟೆಯೊಳಗೇ ನುಗ್ಗಿದ್ದಳು. ಹಿಂದೆ ಮಳೆಗಾಲದ ನಡುವಿನ ಆಟಿ ತಿಂಗಳೆಂದರೆ ತೋಡು ದಾಟಲಾಗದ, ತರಕಾರಿ ಬಳ್ಳಿ ಕೊಳೆಯುವ, ಮನೆಯ ಅಕ್ಕಿ ಮುಗಿಯುತ್ತಾ ಬರುವ ಕಷ್ಟದ ಕಾಲ. ಹಾಗಾಗಿ ಬೇಸಗೆಯಲ್ಲೇ ಭರಣಿ, ಮಂಡಗೆಗಳು ತುಂಬಬೇಕಿತ್ತು.

ಬಲಿತ, ಆದರೆ ಹಣ್ಣಾಗದ ಹಲಸನ್ನು ಕೊಯ್ದು, ಮೇಣ ಅಂಟದಂತೆ ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸುತ್ತಾರೆ. ಬೇಳೆ ತೆಗೆದು, ಸೊಳೆಗೆ ಉಪ್ಪು ಬೆರೆಸಿ ಒತ್ತಿ ತುಂಬುತ್ತಾರೆ. ಮೇಲೆ ಭಾರಕ್ಕೊಂದು ಕಲ್ಲು. ಸ್ವಲ್ಪ ಸಮಯದಲ್ಲಿ ಭರಣಿಯೊಳಗೆ ತಾನಾಗಿಯೇ ನೀರು ಕಾಣಿಸುತ್ತದೆ. ಯಾರೂ ಹೊಯ್ಯದ ಆ ನೀರು ಸೊಳೆಯ ಒಳಗಿನದು, ಉಪ್ಪು ಅದನ್ನು ಹೊರಗೆಳೆದಿದೆ. ನಿಮಗೆ ನಂಬಿಕೆ ಬಾರದಿದ್ದರೆ ಸೌತೆಕಾಯಿಯ ಎರಡು ತುಂಡು ತೆಗೆದುಕೊಳ್ಳಿ. ಒಂದಕ್ಕೆ ಉಪ್ಪು ಸವರಿ, ಇನ್ನೊಂದನ್ನು ಹಾಗೆಯೇ ಇಡಿ. ಅರ್ಧ ಗಂಟೆಯಲ್ಲಿ ತಟ್ಟೆಯೇ ಉತ್ತರ ಹೇಳುತ್ತದೆ.

ಆಹಾರವನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಒಂದೊಂದಕ್ಕೂ ಒಂದೇ ಜೀವಕೋಶ, ಸುತ್ತ ತೆಳುವಾದ ಪೊರೆ. ಆ ಪೊರೆಯ ಮೂಲಕ ನೀರು ಸುಲಭವಾಗಿ ದಾಟುತ್ತದೆ, ಉಪ್ಪು ದಾಟುವುದು ಕಷ್ಟ. ಹೊರಗೆ ಉಪ್ಪು ದಟ್ಟವಾಗಿದ್ದರೆ ಕೋಶದೊಳಗಿನ ನೀರು ಹೊರಗೆ ಹರಿಯುತ್ತದೆ. ಇದಕ್ಕೆ ಆಸ್ಮಾಸಿಸ್ ಎಂದು ಹೆಸರು. ನೀರು ಕಳೆದುಕೊಂಡ ಬ್ಯಾಕ್ಟೀರಿಯಾ ಬೆಳೆಯಲಾರದು. ಅಂದರೆ ಹೊರಗೆ ಆಕಾಶವೇ ಹರಿದಂತೆ ಮಳೆ, ಭರಣಿಯೊಳಗೆ ಸೂಕ್ಷ್ಮಜೀವಿಗಳಿಗೆ ನೀರಿನ ಬರ! ನನಗೆ ಇದು ಬಹಳ ಅದ್ಭುತವೆನಿಸುತ್ತದೆ. ಕಲ್ಲಿಗೂ ಕೆಲಸವಿದೆ. ಬೂಷ್ಟು ಬೆಳೆಯಲು ಗಾಳಿ ಬೇಕು, ಕಲ್ಲಿನ ಭಾರಕ್ಕೆ ಸೊಳೆ ಉಪ್ಪುನೀರಿನಲ್ಲೇ ಮುಳುಗಿರುತ್ತದೆ.

ಆಟಿಯಲ್ಲಿ ಆ ಸೊಳೆಯನ್ನು ತೆಗೆದು ನೀರಿನಲ್ಲಿ ನೆನೆಹಾಕಿದರೆ ಉಪ್ಪು ಮೆಲ್ಲಗೆ ನೀರಿಗೆ ಬಿಡುತ್ತದೆ. ಹಿಂಡಿ ಪಲ್ಯ ಮಾಡಬಹುದು, ಅಕ್ಕಿಯ ಜೊತೆ ಅರೆದು ರೊಟ್ಟಿ ತಟ್ಟಬಹುದು. ಸಣ್ಣ ಸಣ್ಣ ಉಂಡೆ ಕಟ್ಟಿ ತೆಂಗಿನೆಣ್ಣೆಯಲ್ಲಿ ಕರಿದ ಉಂಡಲಕಾಳನ್ನು ಜಡಿಮಳೆಯ ಸಂಜೆ ತಿಂದವರಿಗೇ ಅದರ ರುಚಿ ಗೊತ್ತು.

ಈಗ ಬಹಳ ದೂರದ ಒಂದು ದೇಶಕ್ಕೆ ಹೋಗೋಣ. ಯುರೋಪಿನ ಬಡಗು ತುದಿಯಲ್ಲಿರುವ ಫಿನ್ಲೆಂಡಿನಲ್ಲಿ ಚಳಿಗಾಲದಲ್ಲಿ ಕೆರೆಗಳೇ ಗಟ್ಟಿಯಾಗುತ್ತವೆ, ಹೊಲದಲ್ಲಿ ಏನೂ ಬೆಳೆಯುವುದಿಲ್ಲ. ನಮ್ಮನ್ನು ಮಳೆ ಒಳಗೆ ಕೂರಿಸಿದರೆ ಅವರನ್ನು ಹಿಮ ಕೂರಿಸುತ್ತದೆ. ಅವರೂ ಮೀನಿಗೆ ಉಪ್ಪು ಹಾಕಿಡುತ್ತಾರೆ. ಹೆಚ್ಚಿದ ಎಲೆಕೋಸಿಗೂ ಉಪ್ಪು ಬೆರೆಸುತ್ತಾರೆ, ಆದರೆ ಕಡಿಮೆ, ಕಿಲೋಗೆ ಸುಮಾರು 20 ಗ್ರಾಂ. ಅಷ್ಟು ಉಪ್ಪನ್ನು ತಡೆದುಕೊಂಡು ಬದುಕುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಕೋಸಿನ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಆ ಹುಳಿಯಲ್ಲಿ ಕೊಳೆಸುವ ಜೀವಿಗಳು ಸೋಲುತ್ತವೆ. ನಮ್ಮ ಇಡ್ಲಿ ಹಿಟ್ಟನ್ನು ಹುಳಿ ಮಾಡುವುದೂ ಇದೇ ಬಳಗ. ಫಿನ್ಲೆಂಡಿನ ವಿಜ್ಞಾನಿ ಆರ್ತುರಿ ವಿರ್ತಾನೆನ್, ಚಳಿಗಾಲಕ್ಕೆ ಕೂಡಿಟ್ಟ ದನದ ಹಸಿಮೇವು ಕೆಡದಂತೆ ಅದಕ್ಕೆ ಆಮ್ಲ ಸೇರಿಸುವ ವಿಧಾನ ಕಂಡುಹಿಡಿದರು. 1945ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಪಶ್ಚಿಮ ಫಿನ್ಲೆಂಡಿನ ಹಳ್ಳಿಗಳಲ್ಲಿ ವರ್ಷಕ್ಕೆ ಕೆಲವೇ ಸಲ ಒಲೆ ಉರಿಸಿ ರೈ ಎಂಬ ಧಾನ್ಯದ ಹುಳಿರೊಟ್ಟಿಗಳನ್ನು ಸುಡುತ್ತಿದ್ದರು. ನಡುವೆ ತೂತಿರುವ ಆ ರೊಟ್ಟಿಗಳನ್ನು ಕೋಲಿಗೆ ಪೋಣಿಸಿ ಚಾವಣಿಯಡಿ ಒಣಗಲು ಬಿಡುತ್ತಿದ್ದರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಳೆಮನೆಗಳಲ್ಲಿ ಬಾಳೆನಾರಿನಿಂದ ಕಟ್ಟಿ ತೂಗುಹಾಕುವ ಸಾಂಬಾರು ಸೌತೆ. ನೆಲದಲ್ಲಿಟ್ಟ ಕಾಯಿ ತಾಗಿದ ಕಡೆಯೇ ಪಸೆಯಾಗಿ ಕೊಳೆಯತೊಡಗುತ್ತದೆ. ತೂಗಿದ ಕಾಯಿಗೆ ಸುತ್ತಲೂ ಗಾಳಿ ಆಡುತ್ತದೆ, ಒಂದು ಕೊಳೆತರೂ ಪಕ್ಕದ್ದಕ್ಕೆ ಸುಲಭವಾಗಿ ಹರಡುವುದಿಲ್ಲ.

ಚಾರ್ಮಾಡಿ ಘಾಟಿಯ ಬುಡದ ಊರುಗಳಲ್ಲಿ ಮಳೆಗಾಲಕ್ಕೆ ಮೊಳೆಯುವ ಕಣಿಲೆಯನ್ನೂ, ಅಂದರೆ ಬಿದಿರಮೊಳಕೆಯನ್ನೂ, ಸೊಳೆಯಂತೆ ನೀರಿನಲ್ಲಿ ನೆನೆಸುತ್ತಾರೆ, ಆದರೆ ಉಪ್ಪು ಬಿಡಿಸಲು ಅಲ್ಲ. ಹಸಿ ಬಿದಿರಮೊಳಕೆಯಲ್ಲಿ ಸಯನೈಡ್ ವಿಷ ಬಿಡುಗಡೆ ಮಾಡುವ ವಸ್ತುವಿದೆ. ಅದಕ್ಕೇ ದೊಡ್ಡವರು ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಿಸಿ ನೆನೆಸಿ, ಚೆನ್ನಾಗಿ ಬೇಯಿಸುವುದು. ನೀವು ಹಸಿ ಕಣಿಲೆಯನ್ನು ಬಾಯಿಗಿಡಲೇಬೇಡಿ.

ಮುಂದಿನ ಬೇಸಗೆಯಲ್ಲಿ ಸೊಳೆ ಹಾಕುವ ದಿನ ಅಜ್ಜಿಯ ಪಕ್ಕ ಕುಳಿತುಕೊಳ್ಳಿ. ಎಷ್ಟು ಸೊಳೆಗೆ ಎಷ್ಟು ಉಪ್ಪು ಎಂದು ತೂಗಿ, ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಜ್ಜಿಯ ಕೈಯಳತೆಯನ್ನು ಗ್ರಾಮಿನಲ್ಲಿ ಬರೆದಿಡುವ ಕೆಲಸ ನಿಮ್ಮಿಂದಲೇ ಆಗಬೇಕು.