ಪ್ರಾಣಿಸಂಯಮವೂ ಪಾರಿವಾಳದ ಕಾಳೂ

(ದಶಲಕ್ಷಣ ಪರ್ವದ ಉತ್ತಮ ಸಂಯಮ ಧರ್ಮದ ದಿನ ಮುಂಬಯಿಯ ಕನ್ನಡ ಜೈನ ಬಾಂಧವರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಆಚಾರ್ಯರು ಸಂಯಮವನ್ನು ಎರಡಾಗಿ ವಿಂಗಡಿಸಿದ್ದಾರೆ. ಒಂದು ಇಂದ್ರಿಯಸಂಯಮ, ಮತ್ತೊಂದು ಪ್ರಾಣಿಸಂಯಮ. ಮೊದಲನೆಯದನ್ನು ಕುರಿತು ಪ್ರತಿವರ್ಷವೂ ಪ್ರವಚನಗಳನ್ನು ಕೇಳುತ್ತೇವೆ. ಉಪವಾಸ, ಏಕಾಶನ, ರಸತ್ಯಾಗಗಳ ಮೂಲಕ ಶಕ್ತ್ಯನುಸಾರ ಆಚರಿಸುತ್ತೇವೆ. ಎರಡನೆಯದು ನಮಗೆ ಗೊತ್ತೇ ಇದೆ ಎಂದು ಭಾವಿಸಿ ಮುಂದೆ ಸಾಗುತ್ತೇವೆ. ಪ್ರಾಣಿಸಂಯಮವೆಂದರೆ ಅನ್ಯಜೀವಿಗಳಿಗೆ ಬಾಧೆಯಾಗದಂತೆ ನಮ್ಮ ನಡೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು. ನಗರಗಳಿಗೆ ಬಂದ ಮೇಲೆ ನಾವು ಈ ಸಂಯಮವನ್ನು ದಯೆ ಎಂದು, ದಯೆಯನ್ನು ದಾನ ಎಂದು, ದಾನವನ್ನು ಒಂದು ಚೀಲ ಕಾಳು ಎಂದು ಹಂತಹಂತವಾಗಿ ಕಿರಿದುಗೊಳಿಸಿದ್ದೇವೆ. ಇದು ಸರಿಯೇ ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡಬಯಸುತ್ತೇನೆ.

ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ ಎಲ್ಲ ಪಂಥಗಳೂ ಒಪ್ಪಿಕೊಂಡ ಜೈನ ಲಾಂಛನವನ್ನು ನೀವೆಲ್ಲರೂ ಬಲ್ಲಿರಿ. ಅದರ ಕೆಳಗಿರುವುದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಒಂದು ಸೂತ್ರ. ಜೀವಿಗಳ ಪರಸ್ಪರ ಉಪಗ್ರಹವನ್ನು ಅದು ಹೇಳುತ್ತದೆ. ಇದನ್ನು 'ಒಬ್ಬರಿಗೊಬ್ಬರು ಉಪಕಾರ ಮಾಡಿರಿ' ಎಂಬ ಉಪದೇಶವಾಗಿ ಓದುವುದು ನಮ್ಮ ರೂಢಿ. ಆದರೆ ಸೂತ್ರವು ಆಜ್ಞೆಯ ರೂಪದಲ್ಲಿಲ್ಲ. ಅದು ವಸ್ತುಸ್ಥಿತಿಯ ನಿರೂಪಣೆ. ಕರ್ನಾಟಕದ ನೆಲದಲ್ಲಿ ಬಾಳಿದ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಒಡೆಯ ಮತ್ತು ಸೇವಕ, ಆಚಾರ್ಯ ಮತ್ತು ಶಿಷ್ಯ ಎಂಬ ಉದಾಹರಣೆಗಳಿಂದ ಇದನ್ನು ವಿವರಿಸಿದ್ದಾರೆ. ಅದಕ್ಕೂ ಹಿಂದಿನ ಸೂತ್ರವನ್ನು ನೋಡಿದರೆ, ಸುಖದ ಜೊತೆಗೆ ದುಃಖವೂ, ಜೀವಿತದ ಜೊತೆಗೆ ಮರಣವೂ ಪುದ್ಗಲದ ಉಪಗ್ರಹಗಳೆಂದೇ ಎಣಿಕೆಯಾಗಿವೆ. ಅಂದರೆ ಉಪಗ್ರಹವು ಬರಿಯ ಹಿತವಲ್ಲ, ಒಂದು ಇನ್ನೊಂದಕ್ಕೆ ನಿಮಿತ್ತವಾಗುವುದು. ನಾವು ಬಯಸಲಿ ಬಯಸದಿರಲಿ, ನಮ್ಮ ಪ್ರತಿಯೊಂದು ಕ್ರಿಯೆಯೂ ಯಾವುದೋ ಜೀವಕ್ಕೆ ನಿಮಿತ್ತವಾಗುತ್ತಲೇ ಇರುತ್ತದೆ.

1866ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಎಂಬ ಜೀವವಿಜ್ಞಾನಿ ಜೀವಿಗಳಿಗೂ ಅವುಗಳ ಪರಿಸರಕ್ಕೂ ಇರುವ ಸಂಬಂಧಗಳ ಅಧ್ಯಯನಕ್ಕೆ 'ಇಕಾಲಜಿ' ಎಂಬ ಹೆಸರಿಟ್ಟನು. ಆ ಶಾಸ್ತ್ರ ನಮ್ಮದೇ ಎಂದು ಹೆಮ್ಮೆಪಡಲು ಈ ಮಾತನ್ನು ಹೇಳುತ್ತಿಲ್ಲ. ಅಂಥ ಹೆಮ್ಮೆಯಿಂದ ಯಾವ ಜೀವಕ್ಕೂ ಪ್ರಯೋಜನವಿಲ್ಲ. ಆದರೆ ನಮ್ಮ ಆಚಾರಗಳಲ್ಲಿ ಸೂಕ್ಷ್ಮವಾದ ನಿಸರ್ಗಜ್ಞಾನ ಅಡಗಿದೆ ಎಂಬುದು ದಿಟ. ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಪಂಚ ಉದುಂಬರಗಳ ತ್ಯಾಗ. ಮದ್ಯ, ಮಾಂಸ, ಮಧುಗಳೊಡನೆ ಆಲ, ಅರಳಿ, ಅತ್ತಿ, ಬಸರಿ ಮೊದಲಾದ ಐದು ಹಣ್ಣುಗಳನ್ನು ಬಿಡುವುದು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿದೆ. ಆ ಹಣ್ಣಿನೊಳಗೆ ತ್ರಸಜೀವಿಗಳಿವೆ ಎಂಬುದೇ ಕಾರಣ. ಇಂದಿನ ವಿಜ್ಞಾನವೂ ಇದನ್ನು ದೃಢಪಡಿಸುತ್ತದೆ. ಅತ್ತಿಯ ಕಾಯಿ ವಾಸ್ತವವಾಗಿ ಒಳಮುಖವಾಗಿ ಅರಳಿದ ಹೂಗೊಂಚಲು. ಎಳ್ಳುಕಾಳಿಗಿಂತ ದೊಡ್ಡದಲ್ಲದ ಒಂದು ಬಗೆಯ ಕಣಜ ಅದರ ತುದಿಯ ಸಣ್ಣ ರಂಧ್ರದಿಂದ ಒಳಹೊಕ್ಕು, ಹೂಗಳಿಗೆ ಪರಾಗವನ್ನು ತಲುಪಿಸಿ, ಅಲ್ಲಿಯೇ ಮೊಟ್ಟೆಯಿಡುತ್ತದೆ. ಅದರ ಮರಿಗಳು ಅಲ್ಲಿಯೇ ಬೆಳೆದು, ಹೆಣ್ಣು ಕಣಜಗಳು ಪರಾಗವನ್ನು ಹೊತ್ತು ಇನ್ನೊಂದು ಮರವನ್ನು ಅರಸಿ ಹಾರುತ್ತವೆ. ಸಾಮಾನ್ಯವಾಗಿ ಅತ್ತಿಯ ಕುಲದ ಒಂದೊಂದು ಜಾತಿಗೂ ಅದರದೇ ಕಣಜವಿದೆ. ಕಣಜವಿಲ್ಲದೆ ಮರಕ್ಕೆ ಬೀಜವಿಲ್ಲ, ಮರವಿಲ್ಲದೆ ಕಣಜಕ್ಕೆ ಮನೆಯಿಲ್ಲ. ಬೇರೆ ಮರಗಳಲ್ಲಿ ಹಣ್ಣಿಲ್ಲದ ದಿನಗಳಲ್ಲೂ ಈ ಕುಲದ ಯಾವುದಾದರೊಂದು ಮರ ಫಲ ಹೊತ್ತಿರುತ್ತದೆ. ಕುಟ್ರುಹಕ್ಕಿ, ಪಿಕಳಾರ, ಬಾವಲಿಗಳು ಅದನ್ನು ತಿಂದು ಬೀಜವನ್ನು ದೂರದೂರಕ್ಕೆ ಒಯ್ಯುತ್ತವೆ. ನಮ್ಮ ಪೂರ್ವಿಕರು ಆ ಹಣ್ಣನ್ನು ಮುಟ್ಟದೆ ಬಿಟ್ಟಾಗ, ಅದು ಯಾರಿಗೆ ಸಲ್ಲಬೇಕೋ ಅವರಿಗೆ ಸಂದಿತು. ಕೊಡದೆಯೇ, ಬರಿದೆ ಬಿಟ್ಟುಕೊಡುವುದರಿಂದಲೇ ಉಪಕಾರ ನಡೆಯಿತು.

ಎರಡನೆಯದು ನೀರು ಸೋಸುವ ಪದ್ಧತಿ. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುವುದನ್ನು ಎಲ್ಲರೂ ಬಲ್ಲರು. ಅದರ ಉತ್ತರಾರ್ಧವನ್ನು ಬಹುಮಂದಿ ಮರೆತಿದ್ದಾರೆ. ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಮೆಲ್ಲನೆ ನೀರೆರೆದು ತೊಳೆದು, ನೀರನ್ನು ಯಾವ ಬಾವಿಯಿಂದ ಸೇದಿದೆವೋ ಅದೇ ಬಾವಿಗೆ ಹಿಂದಿರುಗಿಸಬೇಕೆಂಬುದು ವಿಧಿ. ಕೆರೆಯ ಜೀವಿಯನ್ನು ಬಾವಿಗೂ, ಬಾವಿಯ ಜೀವಿಯನ್ನು ಹಳ್ಳಕ್ಕೂ ಬಿಡುವಂತಿಲ್ಲ. ಜೀವಿಯನ್ನು ಅದರ ನೆಲೆಯಿಂದ ಬೇರ್ಪಡಿಸಿ ಉಳಿಸಲಾಗದು ಎಂಬ ತಿಳಿವು ಈ ಸಣ್ಣ ಕ್ರಿಯೆಯಲ್ಲಿದೆ. ದಯೆಗೆ ಮೊದಲು ಆ ಜೀವಿಯ ಬಾಳುವೆಯನ್ನು ಅರಿಯಬೇಕು.

ಈಗ ನಮ್ಮ ಊರಿಗೆ ಬರೋಣ. 2025ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ ಮುಂಬಯಿಯ ಕಬೂತರ್‌ಖಾನೆಗಳನ್ನು ಮುಚ್ಚುವಂತೆ ಮಹಾನಗರಪಾಲಿಕೆಗೆ ಸೂಚಿಸಿತು. ಅವುಗಳ ಸಂಖ್ಯೆ 51 ಎಂದು ವಿಧಾನ ಪರಿಷತ್ತಿನಲ್ಲಿ ತಿಳಿಸಲಾಯಿತು. ವಿಷಯ ಬಾಂಬೆ ಉಚ್ಚ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದು, ಜನರ ಆರೋಗ್ಯಕ್ಕೆ ನ್ಯಾಯಪೀಠ ಪ್ರಾಧಾನ್ಯ ಕೊಟ್ಟಿತು. ಆಗಸ್ಟ್ ಮೊದಲ ವಾರದಲ್ಲಿ ದಾದರಿನ ಕಬೂತರ್‌ಖಾನೆಗೆ ಹೊದಿಸಿದ್ದ ತಾಡಪಾಲನ್ನು ಪ್ರತಿಭಟನಕಾರರು ಕಿತ್ತುಹಾಕಿದರು. ಮರುದಿನದಿಂದಲೇ ಇದು ಪಕ್ಷಿಗಳ ಪ್ರಶ್ನೆಯಾಗಿ ಉಳಿಯಲಿಲ್ಲ. ಜೈನರು ಮತ್ತು ಮರಾಠಿಗರು, ಹೊರಗಿನವರು ಮತ್ತು ಸ್ಥಳೀಯರು ಎಂಬ ರಾಜಕೀಯ ಪ್ರಶ್ನೆಯಾಯಿತು. ಚುನಾವಣೆಯ ಲೆಕ್ಕ ಹಾಕುವವರಿಗೆ ಎರಡೂ ಕಡೆ ಕೆಲಸ ಸಿಕ್ಕಿತು. ಈ ಗದ್ದಲದಲ್ಲಿ ಪಾರಿವಾಳವು ಎಂತಹ ಜೀವಿ ಎಂದು ವಿಚಾರಿಸಿದವರು ವಿರಳ.

ಪಾರಿವಾಳದ ಮೂಲನೆಲೆ ಕಡಿದಾದ ಬಂಡೆಗಳ ಸಂದು. ನಮ್ಮ ಬಹುಮಹಡಿ ಕಟ್ಟಡಗಳ ಚಜ್ಜಾ, ಡಕ್ಟ್, ಎ.ಸಿ. ಯಂತ್ರದ ಹಿಂಬದಿ ಇವೆಲ್ಲ ಅದರ ಕಣ್ಣಿಗೆ ಬಂಡೆಗಳೇ. ಮನೆ ಹೀಗೆ ದೊರೆಯಿತು. ಇನ್ನು ಸಂತತಿಗೆ ಮಿತಿ ಹಾಕುವುದು ಆಹಾರವೊಂದೇ. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿಯಾದರೂ ಮರಿಗಳಿಗೆ ಹುಳುಗಳನ್ನೇ ಉಣಿಸಬೇಕು. ಹುಳುಗಳಿಲ್ಲದ ಊರಿನಲ್ಲಿ ಎಷ್ಟು ಕಾಳು ಚೆಲ್ಲಿದರೂ ಅದರ ಮರಿ ಬದುಕದು. ಪಾರಿವಾಳದ ಗಂಡುಹೆಣ್ಣುಗಳೆರಡೂ ತಮ್ಮ ಗಂಟಲ ಚೀಲದಲ್ಲಿ ಹಾಲಿನಂತಹ ದ್ರವವನ್ನು ಸ್ರವಿಸಿ ಮರಿಗಳಿಗೆ ಉಣಿಸುತ್ತವೆ. ಆದ್ದರಿಂದ ಅವು ಹುಳುಗಳ ಋತುವಿಗಾಗಿ ಕಾಯಬೇಕಿಲ್ಲ. ಕಾಳು ಇರುವತನಕ ವರ್ಷವಿಡೀ ಎರಡೆರಡು ಮೊಟ್ಟೆಯಿಟ್ಟು, ಹದಿನೆಂಟು ದಿನಗಳ ಕಾವಿನಲ್ಲಿ ಮರಿಮಾಡಬಲ್ಲವು. ನಾವು ಸುರಿದ ಚೀಲ ಒಂದು ಹಸಿದ ಹಕ್ಕಿಯ ಹೊಟ್ಟೆ ತುಂಬಿಸುತ್ತದೆಂದು ಭಾವಿಸುತ್ತೇವೆ. ಅದು ನಿಜವಾಗಿ ಮುಂದಿನ ತಿಂಗಳು ಹಸಿಯಲಿರುವ ಇನ್ನಷ್ಟು ಹಕ್ಕಿಗಳನ್ನು ಹುಟ್ಟಿಸುತ್ತದೆ. ಇಕ್ಕಟ್ಟಿನಲ್ಲಿ ರೋಗ ಹರಡುತ್ತದೆ, ಮರಿಗಳು ಸಾಯುತ್ತವೆ. ಉಳಿದ ಕಾಳಿಗೆ ರಾತ್ರಿ ಇಲಿಗಳು ಬರುತ್ತವೆ. ಆ ಇಲಿಗಳಿಗೆ ವಿಷವಿಡುವವರು ಬೇರೊಬ್ಬರಾದರೂ ನಿಮಿತ್ತ ಯಾರು?

ಇನ್ನು ಮನುಷ್ಯರ ಮಾತು. ಒಣಗಿದ ಹಿಕ್ಕೆ ಮತ್ತು ಗರಿಯ ಧೂಳಿನಲ್ಲಿರುವ ಪ್ರೋಟೀನುಗಳು ಕೆಲವರ ಶ್ವಾಸಕೋಶದಲ್ಲಿ ಅತಿಸಂವೇದನೆಯ ಉರಿಯೂತವನ್ನು ಉಂಟುಮಾಡುತ್ತವೆ. ಇದು ಬಹುಕಾಲ ಮುಂದುವರಿದರೆ ಶ್ವಾಸಕೋಶ ಗಟ್ಟಿಯಾಗಿ, ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಎಲ್ಲರಿಗೂ ಬರುವ ರೋಗವಲ್ಲ, ಬಂದವರಿಗೆ ಉಸಿರೇ ಭಾರ. ಕಬೂತರ್‌ಖಾನೆಯ ಎದುರಿನ ಮೂರನೆಯ ಮಹಡಿಯಲ್ಲಿ ಆಮ್ಲಜನಕದ ಸಿಲಿಂಡರಿನೊಡನೆ ಬಾಳುವ ವೃದ್ಧೆಯೂ ಪಂಚೇಂದ್ರಿಯ ಜೀವವೇ. ಅನೇಕಾಂತವನ್ನು ಜಗತ್ತಿಗೆ ಕೊಟ್ಟೆವೆಂದು ಹೇಳಿಕೊಳ್ಳುವ ನಾವು ಆಕೆಯ ಕಿಟಕಿಯಿಂದ ಒಮ್ಮೆ ನೋಡಬೇಡವೇ?

'ಹಾಗಾದರೆ ಹಕ್ಕಿಗಳನ್ನು ಹಸಿವಿನಿಂದ ಸಾಯಿಸಬೇಕೇ?' ಎಂದು ಕೇಳುವಿರಿ. ಈ ಪ್ರಶ್ನೆ ನ್ಯಾಯವಾದುದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಅನುಭವ ಇಲ್ಲಿ ಉಪಯುಕ್ತ. 1961ರಿಂದ 1985ರವರೆಗೆ ಅಲ್ಲಿ ಸುಮಾರು 1 ಲಕ್ಷ ಪಾರಿವಾಳಗಳನ್ನು ಕೊಂದರು. ಆದರೂ ಸಂಖ್ಯೆ 20 ಸಾವಿರದ ಆಸುಪಾಸಿನಲ್ಲಿಯೇ ನಿಂತಿತ್ತು. ಕೊಂದಷ್ಟನ್ನು ಹೊಸ ಮರಿಗಳು ತುಂಬುತ್ತಿದ್ದವು. 1988ರಲ್ಲಿ ವಿಶ್ವವಿದ್ಯಾಲಯವೂ ಪ್ರಾಣಿದಯಾ ಸಂಸ್ಥೆಯೂ ಸೇರಿ, ಕಾಳು ಹಾಕುವುದು ಹಕ್ಕಿಗಳಿಗೇ ಅಹಿತವೆಂದು ಜನರಿಗೆ ಮನವರಿಕೆ ಮಾಡಲು ಹೊರಟವು. ಕಾಳು ಕಡಿಮೆಯಾಯಿತು. 50 ತಿಂಗಳುಗಳಲ್ಲಿ ಸಂಖ್ಯೆ ಅರ್ಧಕ್ಕೆ ಇಳಿಯಿತು. ಮೊಟ್ಟೆ ತೆಗೆಯುವಂತಹ ಅಲ್ಲಿನ ಕೆಲವು ಕ್ರಮಗಳನ್ನು ನಾವು ಒಪ್ಪಬೇಕಿಲ್ಲ. ಆದರೆ ಮುಖ್ಯ ಪಾಠ ಸ್ಪಷ್ಟ: ಬಂದೂಕಿನಿಂದ ಆಗದ ಕೆಲಸ ಸಂಯಮದಿಂದ ಆಯಿತು. ಪ್ರಾಣಿಸಂಯಮಕ್ಕೆ ಇದಕ್ಕಿಂತ ನೇರವಾದ ನಿದರ್ಶನವನ್ನು ನಾನು ಕಾಣೆ.

ದಯೆ ಅರಿವಿಲ್ಲದೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ದೊಡ್ಡ ಉದಾಹರಣೆ ರಣಹದ್ದಿನದು. ನೋವಿನಿಂದ ನರಳುವ ದನಕ್ಕೆ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧಿ ಕೊಡುವುದು 1990ರ ದಶಕದಲ್ಲಿ ದೇಶದೆಲ್ಲೆಡೆ ರೂಢಿಗೆ ಬಂತು. ಕೊಟ್ಟವರ ಉದ್ದೇಶ ಕರುಣೆಯೇ. ಆದರೆ ಔಷಧಿಯ ಅಂಶ ಉಳಿದಿದ್ದ ಕಳೇಬರವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಕೆಲವೇ ದಿನಗಳಲ್ಲಿ ಸತ್ತವು. ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಇಲ್ಲವಾದವು. ಜೋಡಿಯೊಂದು ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಈ ನಷ್ಟವನ್ನು ತುಂಬಿಕೊಳ್ಳುವುದು ಅಸಾಧ್ಯ. 2004ರಲ್ಲಿ ಕಾರಣ ತಿಳಿಯಿತು, 2006ರಲ್ಲಿ ಭಾರತ ಸರ್ಕಾರ ಪಶುಚಿಕಿತ್ಸೆಗೆ ಆ ಔಷಧಿಯನ್ನು ನಿಷೇಧಿಸಿತು. ಅಷ್ಟರಲ್ಲಿ ಕಳೇಬರಗಳು ಕೊಳೆತು ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು. 2000ದಿಂದ 2005ರ ಅವಧಿಯಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಮಾನವ ಮರಣಗಳಿಗೆ ರಣಹದ್ದುಗಳ ಅಳಿವು ಕಾರಣವಾಯಿತೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜಿಸಿದೆ. ಗೋಶಾಲೆ, ಪಾಂಜರಾಪೋಳಗಳಿಗೆ ಉದಾರವಾಗಿ ದಾನ ಕೊಡುವ ಸಮಾಜ ನಮ್ಮದು. ಅಲ್ಲಿ ಯಾವ ನೋವುನಿವಾರಕ ಬಳಕೆಯಲ್ಲಿದೆ ಎಂದು ಕೇಳುವ ಹೊಣೆಯೂ ನಮ್ಮದೇ. ರಣಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಎಂಬ ಔಷಧಿ ಲಭ್ಯವಿದೆ.

ಸಮಾಜದ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ಬಸದಿ ಹಾಗೂ ಸಂಘಗಳ ಬಳಿ ಕಾಳಿಗೆಂದು ಕೂಡಿರುವ ದಾನದ ಹಣವನ್ನು ದಾನಿಗಳ ಒಪ್ಪಿಗೆ ಪಡೆದು ಬೇರೆಡೆಗೆ ತಿರುಗಿಸೋಣ. ಗಾಯಗೊಂಡ ಹಕ್ಕಿಗಳ ಚಿಕಿತ್ಸೆಗೆ, ಅತ್ತಿ, ಆಲ, ಅರಳಿ, ಬಸರಿ ಗಿಡಗಳನ್ನು ನೆಟ್ಟು ಐದು ವರ್ಷ ನೀರೆರೆಯುವುದಕ್ಕೆ ಅದು ವಿನಿಯೋಗವಾಗಲಿ. ಪುಣೆ, ದೆಹಲಿ, ಹೈದರಾಬಾದು, ಚೆನ್ನೈಗಳಲ್ಲಿರುವ ಬಾಂಧವರೂ ತಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಇದನ್ನು ಮಾಡಬಹುದು. ಗೋಶಾಲೆಗೆ ದಾನ ಕೊಡುವ ಮುನ್ನ ಔಷಧಿಗಳ ಪಟ್ಟಿ ಕೇಳೋಣ. ಮಹಾನಗರಪಾಲಿಕೆಯೊಡನೆ ಮಾತನಾಡುವಾಗ, ಕಾಳನ್ನು ಒಮ್ಮೆಲೇ ನಿಲ್ಲಿಸದೆ ತಿಂಗಳುಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸುವಂತೆ ಕೋರೋಣ. ಈಗಾಗಲೇ ಹುಟ್ಟಿರುವ ಹಕ್ಕಿಗಳ ಬಗ್ಗೆ ಕರುಣೆ ತೋರುವ ಸರಿಯಾದ ದಾರಿ ಅದು.

ರಾಜಕೀಯದವರಿಗೂ ಒಂದು ಮಾತು. ಕಾಳಿನ ನೆಪದಿಂದ ಇಡೀ ಸಮಾಜವನ್ನು ಹಳಿಯುವುದು ಅನ್ಯಾಯ. ಕಾಳು ಹಾಕುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಹಾಗೆಯೇ ನಮ್ಮ ಹೆಸರಿನಲ್ಲಿ ಬೀದಿಗಿಳಿದು ಬೆದರಿಕೆ ಹಾಕುವವರು ನಮ್ಮ ಪ್ರತಿನಿಧಿಗಳಲ್ಲ ಎಂದು ಬಹಿರಂಗವಾಗಿ ಹೇಳುವ ಧೈರ್ಯ ನಮಗಿರಬೇಕು. ಕಬೂತರ್‌ಖಾನೆ ಆಗಮೋಕ್ತವಾದ ಆಯತನವಲ್ಲ, ನಗರದ ಒಂದು ರೂಢಿ. ರೂಢಿಯನ್ನು ಪರೀಕ್ಷಿಸಿ ಬಿಡುವುದಕ್ಕೂ ಧರ್ಮದಲ್ಲಿ ಅವಕಾಶವಿದೆ. ಅದಕ್ಕೆ ಸಮ್ಯಕ್ ಜ್ಞಾನ ಎಂಬ ಹೆಸರಿದೆ.

ಅಹಿಂಸೆ ಕೈಯ ಗುಣ ಮಾತ್ರವಲ್ಲ, ಕಣ್ಣಿನ ಗುಣವೂ ಹೌದು. ನಮ್ಮ ಮುನಿಗಳು ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಗೃಹಸ್ಥರಾದ ನಾವು ಕಾಳು ಚೆಲ್ಲುವ ಮೊದಲು ಅಷ್ಟೇ ದೂರ ನೋಡಿದರೂ ಸಾಕು. ಈ ಪರ್ವದಲ್ಲಿ ಒಂದು ಹೊತ್ತಿನ ಊಟದೊಡನೆ ಪರೀಕ್ಷಿಸದ ಒಂದು ದಯೆಯನ್ನೂ ಬಿಡುವ ವ್ರತವನ್ನು ನಾವು ತೊಡೋಣ ಎಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.

ಜೈ ಜಿನೇಂದ್ರ.