30 ಕಿಲೋಮೀಟರ್ ಪ್ಲಾನ್, 22ಕ್ಕೆ ಸ್ಟಾಪ್

ಇವತ್ತು ಒಂದೇ ಪ್ರಶ್ನೆ. 30 ಕಿಲೋಮೀಟರ್ ಓಡ್ಬೇಕು ಅಂತ ಹೊರಟು 22ಕ್ಕೇ ನಿಲ್ಲಿಸಿದ್ರೆ ಅದು ಸೋಲಾ? ನನ್ನ ಫೋನ್‌ನಲ್ಲಿರೋ ಆ್ಯಪ್ ಪ್ರಕಾರ ಹೌದು, ಆ ದಿನದ ಮುಂದೆ ಟಿಕ್ ಮಾರ್ಕ್ ಬಿದ್ದಿಲ್ಲ. ನನ್ನ ಪ್ರಕಾರ ಅಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ.

ಓಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಫುಲ್ ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್. ಅದಕ್ಕೆ ತಯಾರಾಗೋರು ವಾರಕ್ಕೊಂದು ಲಾಂಗ್ ರನ್ ಮಾಡ್ತಾರೆ. ಮಾತಾಡ್ಕೊಂಡು ಓಡೋ ಅಷ್ಟು ನಿಧಾನ, ಆದ್ರೆ ಎರಡು-ಮೂರು ಗಂಟೆ. ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ಅನ್ನೋ ಸಕ್ಕರೆಯ ದಾಸ್ತಾನು ಇರುತ್ತೆ. ಅದು ಖಾಲಿಯಾಗ್ತಾ ಬಂದಾಗ ಕೊಬ್ಬನ್ನ ಉರಿಸ್ಕೊಂಡು ಮುಂದೆ ಸಾಗೋದನ್ನ ದೇಹಕ್ಕೆ ಕಲಿಸೋ ಪಾಠ ಇದು.

ರೇಸ್‌ಗೆ ಮೂರು ವಾರ ಉಳಿದಿತ್ತು. ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ. ಬೆಳಿಗ್ಗೆ ರೆಕಾರ್ಡಿಂಗ್ ಇದ್ದಿದ್ರಿಂದ ಮಧ್ಯಾಹ್ನ ಎರಡೂವರೆಗೆ ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ಕಡೆ ಹೊರಟೆ. ಹೋಗಿ ವಾಪಸ್ ಬಂದ್ರೆ ಸುಮಾರು 30. ರಾಗಿ ಹೊಲ, ಜೋಳ, ಅಲ್ಲಲ್ಲಿ ದ್ರಾಕ್ಷಿ ತೋಟ, ದೂರದಲ್ಲಿ ಮಾಕಳಿದುರ್ಗದ ಬೆಟ್ಟ.

ಉತ್ತರೆ ಮಳೆ ಮುಗಿಯೋ ಹೊತ್ತು. ಮೊದಲ ಒಂದು ಗಂಟೆ ಚುರುಚುರು ಬಿಸಿಲು. ಆಮೇಲೆ ತಣ್ಣನೆ ಗಾಳಿ, ಹಿಂದೇನೇ ಸೋನೆ. ಸೋನೆ ನಿಂತ ಮೇಲೆ ಮತ್ತೆ ಬಿಸಿಲು, ಜೊತೆಗೆ ನೆಲದಿಂದ ಏಳೋ ಧಗೆ. ನಿಜ ಹೇಳ್ಬೇಕಂದ್ರೆ ಮಳೆಗಿಂತ ಇದೇ ಕಷ್ಟ. ಗಾಳೀಲಿ ತೇವ ಜಾಸ್ತಿ ಇದ್ದಾಗ ಬೆವರು ಆರಲ್ಲ. ಬೆವರು ಆರದಿದ್ರೆ ಮೈ ತಣ್ಣಗಾಗಲ್ಲ. ಅದೇ ವೇಗದಲ್ಲಿ ಓಡ್ತಿದ್ರೂ ಎದೆಬಡಿತ ಏರುತ್ತೆ. ಅದಕ್ಕೆ ವೇಗ ಇಳಿಸಿದೆ, ಉಪ್ಪು-ಸಕ್ಕರೆ ಹಾಕಿದ ನೀರು ಕುಡಿದೆ, ಘಾಟಿ ಮುಟ್ಟಿ ತಿರುಗಿದೆ.

ಸುಮಾರು 21 ಕಿಲೋಮೀಟರ್ ಆಗಿತ್ತು. ಬಲಗಡೆ ಆಕಾಶ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಯ್ತು. ಒಂದು ಮಿಂಚು. ಎಣಿಸೋಕೆ ಶುರು ಮಾಡಿದೆ. 24ಕ್ಕೆ ಗುಡುಗು ಕೇಳಿಸ್ತು.

ಈ ಎಣಿಕೆ ಎಲ್ಲರಿಗೂ ಗೊತ್ತಿರ್ಬೇಕು. ಶಬ್ದ ಒಂದು ಕಿಲೋಮೀಟರ್ ಬರೋಕೆ ಸುಮಾರು ಮೂರು ಸೆಕೆಂಡ್ ಬೇಕು. 24 ಸೆಕೆಂಡ್ ಅಂದ್ರೆ 8 ಕಿಲೋಮೀಟರ್. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್‌ಗಿಂತ ಕಮ್ಮಿ ಇದ್ರೆ ಗಟ್ಟಿ ಕಟ್ಟಡದ ಒಳಗೆ ಸೇರ್ಕೋಬೇಕು. ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಅಲ್ಲೇ ಇರ್ಬೇಕು. ಬಯಲಲ್ಲಿ ನಿಲ್ಲೋದೂ ತಪ್ಪು, ಮರದಡಿ ನಿಲ್ಲೋದೂ ತಪ್ಪು.

ಮುಂದಿನ ಹಳ್ಳೀಲಿ ಹಾಲಿನ ಡೈರಿ ಇತ್ತು. ಸಂಜೆ ಹಾಲು ಹಾಕೋ ಹೊತ್ತು, ಜನ ಕ್ಯಾನ್ ಹಿಡ್ಕೊಂಡು ನಿಂತಿದ್ರು. ನನ್ನ ನೋಡಿ ಒಬ್ಬ ಅಜ್ಜಿ, "ಒಳಗ್ ಬಾ ಮಗಾ, ಇನ್ನೂ ಎಲ್ಲಿಗ್ ಓಡ್ತೀಯ?" ಅಂದ್ರು. "ಇನ್ನು ಎಂಟೇ ಕಿಲೋಮೀಟರ್ ಅಜ್ಜಿ" ಅಂದೆ. "ಮರಕ್ಕೆ ಕಟ್ಟಿದ್ ಹಸೂನೇ ಬಿಚ್ಕೊಂಡ್ ಬಂದೀನಿ ನಾನು. ನಿಂಗೆ ಕಾಲೈತೆ, ನೀನಾಗೇ ಬರ್ಬೇಕು" ಅಂದ್ರು.

ಸಿಡಿಲು ಅವರಿಗೆ ಆ್ಯಪ್‌ನಲ್ಲಿ ಬರೋ ನೋಟಿಫಿಕೇಷನ್ ಅಲ್ಲ. ಪ್ರತಿ ವರ್ಷ ನಮ್ಮ ರಾಜ್ಯದಲ್ಲಿ ಹೊಲದಲ್ಲಿದ್ದವರು, ಕುರಿ ಮೇಯಿಸೋರು, ಮರದಡಿ ಕಟ್ಟಿದ ಜಾನುವಾರುಗಳು ಸಿಡಿಲಿಗೆ ಬಲಿಯಾಗೋದನ್ನ ನ್ಯೂಸ್‌ನಲ್ಲಿ ನಾವೇ ಓದ್ತೀವಿ.

ಐದೂವರೆ ಆದ್ರೂ ಗುಡುಗು ನಿಲ್ಲಲಿಲ್ಲ. ಅರ್ಧ ಗಂಟೆ ಕಾದು ಹೊರಟ್ರೂ ಕತ್ತಲಾಗಿರುತ್ತೆ, ಮೈ ಒದ್ದೆ, ಕಾಲು ಬಿಗಿದಿರುತ್ತೆ. ಮಳೆ ಇಳಿದ ಮೇಲೆ ಬಸ್ ಹತ್ತಿದೆ.

ಈಗ ಲೆಕ್ಕಕ್ಕೆ ಬರೋಣ. ನಾನು ಬಿ.ಕಾಂ. ನಮಗೆ ಸಂಕ್ ಕಾಸ್ಟ್ ಅಂತ ಒಂದು ಪಾಠ ಇತ್ತು. ಖರ್ಚಾಗಿ ಹೋದ ದುಡ್ಡು ಏನ್ ಮಾಡಿದ್ರೂ ವಾಪಸ್ ಬರಲ್ಲ, ಅದನ್ನ ನೋಡ್ಕೊಂಡು ಮುಂದಿನ ಖರ್ಚು ತೀರ್ಮಾನ ಮಾಡ್ಬಾರ್ದು ಅಂತ. "22 ಓಡಿದೀನಿ, ಈಗ ಹೇಗ್ ಬಿಡ್ಲಿ?" ಅನ್ನೋದು ಅದೇ ಬಲೆ. ಕೇಳ್ಕೋಬೇಕಾದ ಪ್ರಶ್ನೆ ಬೇರೆ: ಮುಂದಿನ 8 ಕಿಲೋಮೀಟರ್‌ನಿಂದ ಏನ್ ಸಿಗುತ್ತೆ, ಏನ್ ಹೋಗ್ಬಹುದು? ಸಿಗೋದು ತಿಂಗಳುಗಟ್ಟಲೆ ಮಾಡಿದ ತಯಾರಿಯಲ್ಲಿ ಒಂದು ಚೂರು. ಹೋಗೋದು ಏನು ಅಂತ ನಾನ್ ಹೇಳ್ಬೇಕಾಗಿಲ್ಲ.

ಹಾಗಂತ ಮಳೆ ಬಂತು ಅಂತ ಮನೇಲಿ ಕೂತ್ಕೋಬೇಡಿ. 2018ರ ಬಾಸ್ಟನ್ ಮ್ಯಾರಥಾನ್ ನೆನಪಿಸ್ಕೊಳ್ಳಿ. ಕೊರೆಯೋ ಚಳಿ, ಸುರಿಯೋ ಮಳೆ, ಎದುರುಗಾಳಿ. ದೊಡ್ಡ ದೊಡ್ಡ ಓಟಗಾರರೇ ಅರ್ಧಕ್ಕೆ ಬಿಟ್ರು. ಪುರುಷರಲ್ಲಿ ಗೆದ್ದಿದ್ದು ಜಪಾನಿನ ಯುಕಿ ಕವಾಉಚಿ, 2 ಗಂಟೆ 15 ನಿಮಿಷ 58 ಸೆಕೆಂಡ್‌ನಲ್ಲಿ. ಆಗ ಅವರು ಸರ್ಕಾರಿ ನೌಕರ, ಕೆಲಸದ ಜೊತೆಗೇ ಓಡ್ತಿದ್ದವರು. ಮಳೆ, ಚಳಿ, ಗಾಳಿ ನಮ್ಮನ್ನ ಗಟ್ಟಿ ಮಾಡುತ್ತೆ. ಸಿಡಿಲು ಗಟ್ಟಿ ಮಾಡಲ್ಲ. ಇವೆರಡರ ವ್ಯತ್ಯಾಸ ತಿಳ್ಕೊಳ್ಳೋದೂ ಟ್ರೈನಿಂಗೇ.

ಹಳ್ಳಿ ಕಡೆ ಓಡೋರು ಫೋನ್‌ನಲ್ಲಿ ದಾಮಿನಿ ಆ್ಯಪ್ ಹಾಕ್ಕೊಳ್ಳಿ. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ್ದು, ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತೆ. ಫೋನ್‌ಗೆ ಪ್ಲಾಸ್ಟಿಕ್ ಕವರ್, ಜೇಬಲ್ಲಿ ಬಸ್ ಚಾರ್ಜ್, ದಾರೀಲಿ ಎಲ್ಲೆಲ್ಲಿ ಗಟ್ಟಿ ಕಟ್ಟಡ ಇದೆ ಅನ್ನೋ ಅಂದಾಜು, ಈ ಮೂರು ಇಲ್ದೆ ಹೊರಡ್ಬೇಡಿ.

ನೀವೂ ಅರ್ಧಕ್ಕೆ ನಿಲ್ಲಿಸಿದ ಓಟ ಯಾವುದಾದ್ರೂ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.